ಎರಡು ವಾರದ ಪಥ್ಯ, ಆರು ತಿಂಗಳ ಪರೀಕ್ಷೆ

ಮೈಯ ಬೊಜ್ಜು ವಿಪರೀತಕ್ಕೆ ಹೋಗಿ, ಪಥ್ಯ, ನಡಿಗೆ, ಜಿಮ್ಮು, ಮಾತ್ರೆ ಎಲ್ಲವನ್ನೂ ಮಾಡಿ ನೋಡಿ ಸೋತು, ಕೊನೆಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ ಎಂದು ತಜ್ಞರ ಬಳಿಗೆ ಬಂದವರಿಗೆ ಅನೇಕ ಕಡೆ ಸಿಗುವ ಮೊದಲ ಉತ್ತರ ಇದು: ಮೊದಲು ಸ್ವಲ್ಪ ತೂಕ ಇಳಿಸಿಕೊಂಡು ಬನ್ನಿ, ಆಪರೇಷನ್ ಮಾತು ಆಮೇಲೆ. ಕೇಳಿದವರ ಎದೆ ಕುಸಿಯುತ್ತದೆ. ತೂಕ ಇಳಿಸಲು ಆಗದೆ ಇರುವುದರಿಂದಲೇ ಅಲ್ಲವೇ ಅವರು ಅಲ್ಲಿಗೆ ಬಂದದ್ದು? ಹಾಗೆಂದು ಈ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಒಂದೇ ಮಾತಿನ ಬೆನ್ನಿಗೆ ಎರಡು ಬೇರೆ ಬೇರೆ ಬೇಡಿಕೆಗಳು ನಿಂತಿವೆ. ಆಪರೇಷನ್ ದಿನಾಂಕ ಗೊತ್ತಾದ ಮೇಲೆ ಕೊನೆಯ ಎರಡು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿ ಎನ್ನುವುದು ಒಂದು. ಇದನ್ನು ಹೇಳುವವರು ಸರ್ಜನ್. ದಿನಾಂಕ ಕೊಡುವ ಮೊದಲೇ ಮೂರು ತಿಂಗಳು, ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ವೈದ್ಯರ ಉಸ್ತುವಾರಿಯಲ್ಲಿ ಪಥ್ಯ ಮಾಡಿ, ಇಳಿದ ತೂಕವನ್ನು ದಾಖಲೆ ಸಮೇತ ತೋರಿಸಿ ಎನ್ನುವುದು ಇನ್ನೊಂದು. ಇದನ್ನು ಕೇಳುವುದು ಹೆಚ್ಚಾಗಿ ಹಣ ಕೊಡಬೇಕಾದ ವಿಮಾ ಕಂಪನಿ. ಮೊದಲನೆಯದು ಚಿಕಿತ್ಸೆಯ ಅಂಗ, ಅದಕ್ಕೆ ಆಧಾರವಿದೆ. ಎರಡನೆಯದು ಚಿಕಿತ್ಸೆಗೆ ನೀವು ಯೋಗ್ಯರೋ ಅಲ್ಲವೋ ಎಂದು ಅಳೆಯುವ ಪರೀಕ್ಷೆ, ಅದಕ್ಕೆ ಆಧಾರವಿಲ್ಲ. ಇವೆರಡನ್ನೂ ಒಂದೇ ಎಂದು ಬಗೆದದ್ದರಿಂದ ಚಿಕಿತ್ಸೆ ಸಿಗಬೇಕಾದವರು ಅರ್ಧ ದಾರಿಯಿಂದ ಹಿಂತಿರುಗುತ್ತಿದ್ದಾರೆ. ಈ ಮಾತನ್ನು ಆಧಾರ ಸಹಿತ ನಿಮ್ಮ ಮುಂದಿಡುವುದು ಇವತ್ತಿನ ನನ್ನ ಉದ್ದೇಶ.

ಸರ್ಜನ್ ಕೇಳುವ ಎರಡು ವಾರದ ಕಾರಣ ತಿಳಿಯಬೇಕಾದರೆ ಆಪರೇಷನ್ ಮೇಜಿನ ಹತ್ತಿರಕ್ಕೇ ಹೋಗಬೇಕು. ಇವತ್ತು ಹೆಚ್ಚು ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಪಾಲನ್ನು ಉದ್ದುದ್ದಕ್ಕೆ ಕತ್ತರಿಸಿ ತೆಗೆದು ಕಿರಿದಾದ ಕೊಳವೆಯಷ್ಟನ್ನು ಉಳಿಸುತ್ತಾರೆ. ಬೈಪಾಸ್ ಎಂಬುದರಲ್ಲಿ ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಎರಡೂ ನಡೆಯುವುದು ಲ್ಯಾಪರೋಸ್ಕೋಪಿನಲ್ಲಿ: ಹೊಟ್ಟೆಯೊಳಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಕೆಲವು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಸಲಕರಣೆಗಳನ್ನು ಇಳಿಸಿ. ಅನ್ನನಾಳ ಬಂದು ಜಠರವನ್ನು ಸೇರುವ ಮೂಲೆಯೇ ಈ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಜಾಗ. ಆ ಮೂಲೆಯ ಮೇಲೆ ಮುಚ್ಚಿಕೊಂಡಂತೆ ಮಲಗಿರುವುದು ಲಿವರಿನ ಎಡಭಾಗ. ಸರ್ಜನ್ ಎದೆಮೂಳೆಯ ಕೆಳಗೊಂದು ರಂಧ್ರ ಮಾಡಿ, ಬಾಗಿದ ಉಕ್ಕಿನ ಸಲಾಕೆಯೊಂದನ್ನು ಒಳಗಿಳಿಸಿ, ಲಿವರಿನ ಆ ಭಾಗವನ್ನು ಮೇಲೆತ್ತಿ ಹಿಡಿಸಿಕೊಂಡು ಕೆಲಸ ಮಾಡಬೇಕು. ಬೊಜ್ಜು ಹೆಚ್ಚಿರುವವರ ಲಿವರ್ ಕೊಬ್ಬು ತುಂಬಿ ಊದಿರುತ್ತದೆ, ಭಾರವಾಗಿರುತ್ತದೆ, ಮೆದುವಾಗಿರುತ್ತದೆ. ಎತ್ತಿದರೆ ಸೀಳುತ್ತದೆ, ರಕ್ತ ಒಸರುತ್ತದೆ. ಎತ್ತದಿದ್ದರೆ ಕೆಳಗಿನ ಮೂಲೆ ಕಾಣುವುದಿಲ್ಲ. ಕಾಣದ ಜಾಗದಲ್ಲಿ ಸ್ಟೇಪಲ್ ಹಾಕುವುದಕ್ಕಿಂತ ಅಪಾಯ ಬೇರೆ ಇಲ್ಲ. ಹಾಗಾಗಿ ಸರ್ಜನ್ ಎರಡು ವಾರದ ಪಥ್ಯ ಹೇಳುವುದು ರೋಗಿಯ ಸೊಂಟದ ಸುತ್ತಳತೆ ನೋಡಿ ಅಲ್ಲ, ಲಿವರಿನ ಗಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು. ತಕ್ಕಡಿಯ ಮುಳ್ಳು ಕೆಳಗಿಳಿಯುವುದು ಇಲ್ಲಿ ಮುಖ್ಯ ಗುರಿಯಲ್ಲ, ಜೊತೆಗೆ ಬರುವ ಫಲ.

ಎರಡು ವಾರ ಸಾಕೇ? ಆಸ್ಟ್ರೇಲಿಯಾದ ಮೆಲ್ಬರ್ನಿನ ಸಂಶೋಧಕರು ಇದನ್ನೇ ಅಳೆದು 2006ರಲ್ಲಿ ಪ್ರಕಟಿಸಿದರು. ಆಪರೇಷನ್‌ಗೆ ಕಾದಿದ್ದ 32 ಮಂದಿಗೆ ಹನ್ನೆರಡು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ನಡುನಡುವೆ ಸ್ಕ್ಯಾನ್ ಮಾಡಿ ಲಿವರಿನ ಗಾತ್ರ ನೋಡಿದರು. ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಲಿವರ್ ಶೇಕಡ 19ರಷ್ಟು ಕುಗ್ಗಿತ್ತು. ಗಮನಿಸಬೇಕಾದ ಸಂಗತಿ ಮುಂದಿದೆ: ಆ ಕುಗ್ಗುವಿಕೆಯ ಶೇಕಡ 80 ಭಾಗ ಮೊದಲ ಎರಡೇ ವಾರಗಳಲ್ಲಿ ಆಗಿಹೋಗಿತ್ತು. ಪಿಷ್ಟ ಸಿಗದೆ ಹೋದಾಗ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ ಅನ್ನು ಮೊದಲು ಖರ್ಚು ಮಾಡುತ್ತದೆ, ಅದರೊಂದಿಗೆ ಹಿಡಿದಿಟ್ಟ ನೀರೂ ಹೋಗುತ್ತದೆ, ಆಮೇಲೆ ಕೊಬ್ಬು ಕರಗತೊಡಗುತ್ತದೆ. ಇದು ದಿನಗಳ ಕೆಲಸ, ತಿಂಗಳುಗಳದ್ದಲ್ಲ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಆ ಎರಡು ವಾರ ಅನ್ನ, ಮುದ್ದೆ, ಚಪಾತಿ, ದೋಸೆ ಯಾವುದೂ ಇಲ್ಲ. ನೀರಿನಲ್ಲಿ ಕಲಸಿದ ಪ್ರೋಟೀನ್ ಪುಡಿ, ಬೆಣ್ಣೆ ತೆಗೆದ ಮಜ್ಜಿಗೆ, ತಿಳಿಸಾರು, ಸೌತೆಕಾಯಿ, ಬೇಯಿಸಿದ ಸೊಪ್ಪು, ತಿನ್ನುವವರಿಗೆ ಮೊಟ್ಟೆಯ ಬಿಳಿ. ಎಲ್ಲ ಸೇರಿ ದಿನಕ್ಕೆ ಸುಮಾರು 800 ಕ್ಯಾಲೊರಿ. ಸುಲಭವೇನಲ್ಲ, ಆದರೆ ಕೊನೆಯ ದಿನ ಯಾವುದೆಂದು ಗೊತ್ತಿರುವುದರಿಂದ ಬಹಳ ಮಂದಿ ಮಾಡಿ ಮುಗಿಸುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು: ಊಟ ಇಷ್ಟು ಕಡಿಮೆಯಾದಾಗ ಹಳೆಯ ಡೋಸು ಹಾಗೇ ಮುಂದುವರಿಸಿದರೆ ಸಕ್ಕರೆ ಕುಸಿದು ಪ್ರಾಣಾಪಾಯವಾಗಬಹುದು. ಈ ಪಥ್ಯವನ್ನು ವೈದ್ಯರು ಡೋಸು ತಿದ್ದಿಕೊಟ್ಟ ಮೇಲೆಯೇ ಶುರುಮಾಡಬೇಕು.

ಈ ಪಥ್ಯದಿಂದ ರೋಗಿಗೆ ಪ್ರಯೋಜನವಾಯಿತೇ ಎಂಬುದನ್ನೂ ನೋಡಿದ್ದಾರೆ. ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ಸುಮಾರು 300 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹದಿನಾಲ್ಕು ದಿನದ ಪಥ್ಯ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಬೈಪಾಸ್ ಮಾಡಿದ ಅಧ್ಯಯನ 2011ರಲ್ಲಿ ಹೊರಬಂತು. ಆಪರೇಷನ್‌ಗೆ ಹಿಡಿದ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಕೆಲಸ ಸಲೀಸಾಯಿತು ಎಂದು ಸರ್ಜನ್‌ಗಳು ಹೇಳಿದರು. ಮೂವತ್ತು ದಿನದೊಳಗೆ ತೊಂದರೆ ಕಂಡವರು ಪಥ್ಯವಿಲ್ಲದ ಗುಂಪಿನಲ್ಲಿ 18, ಪಥ್ಯದ ಗುಂಪಿನಲ್ಲಿ 8. ಸ್ವೀಡನ್ನಿನ ನೋಂದಣಿಯಲ್ಲಿ ಸೇರಿದ 22 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯೂ 2015ರಲ್ಲಿ ಇದೇ ದಿಕ್ಕಿಗೆ ಬೆರಳು ತೋರಿತು. ಅಂದಮೇಲೆ ಸರ್ಜನ್ ಹೇಳುವ ಆ ಎರಡು ವಾರವನ್ನು ರೋಗಿ ಮನಃಪೂರ್ವಕವಾಗಿ ಪಾಲಿಸಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈಗ ಆರು ತಿಂಗಳ ಕಡೆಗೆ ಬರೋಣ. ಇದು ಬಲವಾಗಿ ಬೇರೂರಿರುವುದು ಅಮೆರಿಕದಲ್ಲಿ. 1991ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಸೇರಿಸಿ ಯಾರಿಗೆ ಈ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಗೊತ್ತುಮಾಡಿತು: ಬಿಎಂಐ 40 ದಾಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇರುವವರಿಗೆ. ಬಿಎಂಐ ಎಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ಚಿಕಿತ್ಸೆಗೆ ಮೊದಲ ಸಲ ಬರುವವರಿಗೆ ಶಸ್ತ್ರವಿಲ್ಲದ ಮಾರ್ಗವನ್ನು ಮೊದಲು ತೋರಿಸಬೇಕು ಎಂದೂ ಆ ಸಭೆ ಹೇಳಿತ್ತು. ಅದು ಸರಿಯಾದ ಮಾತೇ. ಆದರೆ ಇಷ್ಟು ತಿಂಗಳು, ಇಷ್ಟು ಕಿಲೋ ಎಂಬ ಲೆಕ್ಕವನ್ನು ಅದು ಹಾಕಲಿಲ್ಲ. 2006ರಲ್ಲಿ ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್ ತನ್ನ ರಾಷ್ಟ್ರವ್ಯಾಪಿ ನಿಯಮ ಬರೆದಾಗಲೂ ಹಿಂದೆ ಮಾಡಿದ ಚಿಕಿತ್ಸೆ ಫಲ ಕೊಟ್ಟಿರಬಾರದು ಎಂದಷ್ಟೇ ಕೇಳಿತು, ತಿಂಗಳು ಎಣಿಸಲಿಲ್ಲ. ತಿಂಗಳು ಎಣಿಸಲು ಹಿಡಿದದ್ದು ಖಾಸಗಿ ವಿಮಾ ಕಂಪನಿಗಳು. ಮೊದಲ ಸಲ ಬಂದವರಿಗೆ ಹೇಳಿದ ಮಾತು, ಹತ್ತಿಪ್ಪತ್ತು ವರ್ಷ ಪಥ್ಯ ಮಾಡಿ ದಣಿದು ಬಂದವರ ಮೇಲೂ ಷರತ್ತಾಗಿ ಬಿತ್ತು. ತಿಂಗಳಿಗೊಂದು ಭೇಟಿ, ಪ್ರತಿ ಭೇಟಿಗೂ ತೂಕದ ದಾಖಲೆ, ಡಯಟೀಷಿಯನ್ ಸಹಿ. ಕೆಲವು ಪಾಲಿಸಿಗಳಲ್ಲಿ ನಡುವೆ ಒಂದು ತಿಂಗಳ ಭೇಟಿ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ರಜೆ ಸಿಗದ ಕೂಲಿಯವರು, ಪಾಳಿಯಲ್ಲಿ ದುಡಿಯುವವರು, ಮನೆಯಲ್ಲಿ ಕೈಮಗು ಇರುವ ತಾಯಂದಿರು ಇಂಥ ಎಣಿಕೆಯಲ್ಲಿ ಮೊದಲು ಎಡವುತ್ತಾರೆ. ಅವರ ಎಡವಿಗೂ ಅವರ ದೇಹಕ್ಕೂ ಸಂಬಂಧವಿಲ್ಲ.

ಈ ಷರತ್ತಿನ ಹೊಟ್ಟೆಯಲ್ಲೇ ಒಂದು ವಿರೋಧವಿದೆ. ಪಥ್ಯದಿಂದ ತೂಕ ಇಳಿಯದು ಎಂದು ಸಿದ್ಧವಾದವರಿಗೆ ಮಾತ್ರ ಆಪರೇಷನ್ ಎನ್ನುವುದು ಮೂಲ ನಿಯಮ. ಪಥ್ಯದಿಂದ ತೂಕ ಇಳಿಸಿ ತೋರಿಸಿದವರಿಗೆ ಮಾತ್ರ ಆಪರೇಷನ್ ಎನ್ನುವುದು ಮೇಲೆ ಹೊರಿಸಿದ ನಿಯಮ. ಎರಡನ್ನೂ ಒಟ್ಟಿಗೆ ಪಾಲಿಸುವವರು ಸೋತೂ ಇರಬೇಕು, ಗೆದ್ದೂ ಇರಬೇಕು. ಇಳಿಸದಿದ್ದರೆ ಶ್ರದ್ಧೆ ಸಾಲದು ಎನ್ನಿಸಿಕೊಳ್ಳುತ್ತಾರೆ. ಚೆನ್ನಾಗಿ ಇಳಿಸಿದರೆ, ಗಡಿಯಂಚಿನಲ್ಲಿದ್ದವರ ಬಿಎಂಐ 35ರ ಕೆಳಗೆ ಜಾರಿ ಅರ್ಹತೆಯೇ ಹೋಗುವ ಭಯ. ಕಾಯಿಲೆಯ ಮಾತು ಹಾಗಿರಲಿ, ಯಾವ ಮನುಷ್ಯನನ್ನೂ ಇಂಥ ಇಕ್ಕಟ್ಟಿಗೆ ತಳ್ಳಬಾರದು. ಇನ್ನು ಫಲದ ಮಾತು. 2006ರಲ್ಲೇ ಅಮೆರಿಕದ ಒಂದು ಕೇಂದ್ರದವರು, ವಿಮೆಯ ಒತ್ತಾಯಕ್ಕಾಗಿ ಹದಿಮೂರು ವಾರ ಆಹಾರ ಸಲಹೆ ಪಡೆಯಬೇಕಾದವರನ್ನೂ ಅಂಥ ಒತ್ತಾಯವಿಲ್ಲದವರನ್ನೂ ಹೋಲಿಸಿ ನೋಡಿದರು. ಒತ್ತಾಯವಿದ್ದ ಗುಂಪಿನಲ್ಲಿ ಆಪರೇಷನ್‌ಗೆ ಮೊದಲೇ ಕೈಬಿಟ್ಟು ಹೋದವರ ಪ್ರಮಾಣ ಒಂದೂವರೆ ಪಟ್ಟು. ವರ್ಷದ ಕೊನೆಗೆ ಹೆಚ್ಚು ತೂಕ ಇಳಿದಿದ್ದು ಒತ್ತಾಯವಿಲ್ಲದ ಗುಂಪಿನಲ್ಲಿ. ಅಮೆರಿಕದ ಮೆಟಬಾಲಿಕ್ ಮತ್ತು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸಕರ ಸಂಘ ಲಭ್ಯ ಸಾಕ್ಷ್ಯವನ್ನೆಲ್ಲ ಜಾಲಾಡಿ, 2011ರಲ್ಲಿ ಒಮ್ಮೆ, 2016ರಲ್ಲಿ ಇನ್ನಷ್ಟು ಕಟುವಾಗಿ ತನ್ನ ನಿಲುವು ಪ್ರಕಟಿಸಿತು: ವಿಮೆ ಹೇರುವ ತಿಂಗಳುಗಟ್ಟಲೆಯ ಈ ಪಥ್ಯ ಬೇಕು ಎನ್ನುವುದಕ್ಕೆ ಉನ್ನತ ದರ್ಜೆಯ ಒಂದು ಅಧ್ಯಯನವೂ ಇಲ್ಲ, ಇದು ತಾರತಮ್ಯದ, ಮನಬಂದಂತೆ ಹಾಕಿದ, ವಿಜ್ಞಾನದ ಬೆಂಬಲವಿಲ್ಲದ ಷರತ್ತು, ಇದನ್ನು ಕೈಬಿಡಬೇಕು ಎಂದು.

ಆರು ತಿಂಗಳು ಮನಸ್ಸಿಟ್ಟು ಮಾಡಿದರೆ ಇಳಿಯದೇ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ಇಳಿಯುತ್ತದೆ. ನಿಲ್ಲುವುದಿಲ್ಲ. ಕಾರಣ ಮನಸ್ಸಿನಲ್ಲಿ ಅಲ್ಲ, ಮೈಯೊಳಗೇ ಇದೆ. ಮತ್ತೆ ಮೆಲ್ಬರ್ನಿನಲ್ಲೇ 50 ಮಂದಿಯನ್ನು ಹತ್ತು ವಾರ ಕಠಿಣ ಪಥ್ಯದಲ್ಲಿಟ್ಟು, ಅವರ ರಕ್ತದ ಹಾರ್ಮೋನುಗಳನ್ನು ವರ್ಷದವರೆಗೆ ಅಳೆದ ಅಧ್ಯಯನ 2011ರಲ್ಲಿ ಬಂತು. ಅವರು ಸರಾಸರಿ ಹದಿಮೂರೂವರೆ ಕಿಲೋ ಇಳಿಸಿದರು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್‌ನಂಥ ಹಾರ್ಮೋನುಗಳು ಕುಸಿದವು, ಹಸಿವು ಕೆರಳಿಸುವ ಗ್ರೆಲಿನ್ ಏರಿತು. ವರ್ಷ ಕಳೆದು, ಇಳಿದ ತೂಕದಲ್ಲಿ ಒಂದಷ್ಟು ವಾಪಸು ಬಂದ ಮೇಲೂ, ಆ ಏರುಪೇರು ಹಾಗೇ ಇತ್ತು. ಅವರಿಗೆ ಮೊದಲಿಗಿಂತ ಹೆಚ್ಚು ಹಸಿವಾಗುತ್ತಿತ್ತು. ಟೆಲಿವಿಷನ್ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿ ಹೆಸರಾದ ಹದಿನಾಲ್ಕು ಮಂದಿಯನ್ನು ಆರು ವರ್ಷದ ಮೇಲೆ ಪರೀಕ್ಷಿಸಿದಾಗ, ಅವರ ವಯಸ್ಸು ಮತ್ತು ಗಾತ್ರಕ್ಕೆ ಖರ್ಚಾಗಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚಾಗುತ್ತಿತ್ತು. ದೇಹ ಕಳೆದುಕೊಂಡದ್ದನ್ನು ಮರಳಿ ಕೂಡಿಡಲು ವರ್ಷಗಟ್ಟಲೆ ಹಟ ಹಿಡಿಯುತ್ತದೆ. ಶಸ್ತ್ರಚಿಕಿತ್ಸೆ ಬೇರೆಯಾಗುವುದು ಇಲ್ಲಿ. ಜಠರ ಚಿಕ್ಕದಾಗಿ ಉಣ್ಣುವುದು ಕಡಿಮೆಯಾಗುತ್ತದೆ ಎಂಬುದು ಅರ್ಧ ಸತ್ಯ. ಆಹಾರ ಬೇಗ ಕೆಳಗಿನ ಕರುಳು ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ ತೃಪ್ತಿಯ ಹಾರ್ಮೋನುಗಳು ಹೆಚ್ಚುತ್ತವೆ, ಸ್ಲೀವ್‌ನಲ್ಲಿ ಗ್ರೆಲಿನ್ ಸ್ರವಿಸುವ ಭಾಗವೇ ಹೊರಟುಹೋಗುತ್ತದೆ. ಪಥ್ಯ ಹಸಿವನ್ನು ಹೆಚ್ಚಿಸುತ್ತದೆ, ಆಪರೇಷನ್ ಕಡಿಮೆ ಮಾಡುತ್ತದೆ. ಮೊದಲನೆಯದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಎರಡನೆಯದು ಎನ್ನುವುದು, ಬಾವಿಗೆ ಬಿದ್ದವನಿಗೆ ನಾಲ್ಕು ಮೆಟ್ಟಿಲು ತಾನೇ ಹತ್ತಿ ಬಂದರೆ ಹಗ್ಗ ಇಳಿಸುತ್ತೇವೆ ಎಂದ ಹಾಗೆ.

ಇದಕ್ಕೆ ಎದುರಾಗಿ ಇರುವ ಬಲವಾದ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. 2020ರಲ್ಲಿ ಪ್ರಕಟವಾದ, ಸುಮಾರು 4 ಲಕ್ಷ 80 ಸಾವಿರ ರೋಗಿಗಳ ದಾಖಲೆ ಆಧರಿಸಿದ ಅಧ್ಯಯನವೊಂದು, ಆಪರೇಷನ್‌ಗೆ ಮೊದಲು ತೂಕ ಇಳಿಸಿದವರಲ್ಲಿ ಮೂವತ್ತು ದಿನದೊಳಗಿನ ಸಾವು ಕಡಿಮೆ ಎಂದು ತೋರಿಸಿತು. ಶೇಕಡ 5ಕ್ಕಿಂತ ಕಡಿಮೆ ಇಳಿಸಿದವರಲ್ಲಿ ಸಾವಿನ ಸಂಭವ ನಾಲ್ಕನೇ ಒಂದರಷ್ಟು, ಶೇಕಡ 10 ಅಥವಾ ಹೆಚ್ಚು ಇಳಿಸಿದವರಲ್ಲಿ ಶೇಕಡ 40ಕ್ಕೂ ಮೀರಿ ತಗ್ಗಿತ್ತು. ಕೇಳಿದ ಕೂಡಲೇ ವಾದ ಮುಗಿಯಿತು ಎನ್ನಿಸುತ್ತದೆ. ಆದರೆ ಆ ಸಾವುಗಳ ಒಟ್ಟು ಪ್ರಮಾಣ ಸಾವಿರಕ್ಕೆ ಒಂದರ ಹತ್ತಿರ. ಅದರಲ್ಲಿ ಶೇಕಡ 40 ತಗ್ಗಿದರೆ ಹತ್ತು ಸಾವಿರ ಆಪರೇಷನ್‌ಗೆ ನಾಲ್ಕು ಜೀವ. ನಾಲ್ಕು ಜೀವ ಸಣ್ಣದಲ್ಲ. ಎರಡು ವಾರದ ಪಥ್ಯದಿಂದ ಅದು ಸಿಗುವುದಾದರೆ ಬಿಡಬಾರದು. ಆದರೆ ಯಾರು ಒತ್ತಾಯದಿಂದ ಇಳಿಸಿದರು, ಯಾರು ತಾವಾಗಿ ಇಳಿಸಿದರು ಎಂಬುದನ್ನು ಈ ದಾಖಲೆ ಬಿಡಿಸಿ ಹೇಳುವುದಿಲ್ಲ. ಇಳಿಸಲು ಶಕ್ತರಾದವರು ಮೊದಲೇ ತುಸು ಗಟ್ಟಿಯಾಗಿದ್ದವರೂ ಆಗಿರಬಹುದು. ಎಲ್ಲಕ್ಕಿಂತ ಮುಖ್ಯ, ಈ ಲೆಕ್ಕದಲ್ಲಿ ಇರುವವರು ಆಪರೇಷನ್ ಮೇಜಿನವರೆಗೆ ಬಂದವರು ಮಾತ್ರ. ಷರತ್ತಿಗೆ ಸೋತು ಮನೆಗೆ ಹೋದವರು ಇದರಲ್ಲಿ ಇಲ್ಲ. ಅವರಿಗೆ ಏನಾಯಿತು ಎಂದು ಕೇಳದೆ ಷರತ್ತಿನ ಲಾಭವನ್ನಷ್ಟೇ ಎಣಿಸುವುದು ಸರಿಯಾದ ಲೆಕ್ಕವಲ್ಲ.

ಮನೆಗೆ ಹೋದವರಿಗೆ ಏನಾಗುತ್ತದೆ ಎಂಬುದರ ಅಂದಾಜು ಸ್ವೀಡನ್ನಿನಿಂದ ಸಿಗುತ್ತದೆ. 1987ರಲ್ಲಿ ಶುರುವಾದ ಅಲ್ಲಿನ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ 2010 ಮಂದಿಯನ್ನೂ, ಅವರಂಥದೇ ತೂಕದ, ಸಾಮಾನ್ಯ ಚಿಕಿತ್ಸೆಯಲ್ಲಿದ್ದ 2037 ಮಂದಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಸರಾಸರಿ ಹನ್ನೊಂದು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ 101 ಮಂದಿ, ಎರಡನೆಯದರಲ್ಲಿ 129 ಮಂದಿ ತೀರಿಹೋಗಿದ್ದರು. ಇನ್ನೂ ಮುಂದೆ ಹೋಗಿ 2020ರಲ್ಲಿ ಲೆಕ್ಕ ಹಾಕಿದಾಗ ಆಪರೇಷನ್ ಆದವರ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚಿತ್ತು. ಆರು ತಿಂಗಳು ತಡವಾದರೆ ಇದೆಲ್ಲ ಕಳೆದೇ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ತಡ ಮಾಡಿಯೂ ಆಪರೇಷನ್ ಆದವರಿಗೆ ಫಲ ಸಿಗುತ್ತದೆ. ಕಳೆದುಕೊಳ್ಳುವವರು ಕೈಬಿಟ್ಟು ಹೋದವರು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ತಡವೇ ನಷ್ಟ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ 150 ಮಧುಮೇಹಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಐದು ವರ್ಷದ ಕೊನೆಗೆ ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆಯ ಅಂಕಿ ಶೇಕಡ 6 ಅಥವಾ ಅದಕ್ಕೂ ಕೆಳಗೆ ನಿಂತದ್ದು ಬೈಪಾಸ್ ಆದವರಲ್ಲಿ ನೂರಕ್ಕೆ 29, ಸ್ಲೀವ್ ಆದವರಲ್ಲಿ 23, ಬರೀ ಔಷಧಿಯಲ್ಲಿದ್ದವರಲ್ಲಿ 5. ಕಾಯಿಲೆ ಹಳೆಯದಾದಷ್ಟೂ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ಕಡಿಮೆಯಾಗುತ್ತ ಹೋಗುತ್ತವೆ, ಹೀಗೆ ಗುಣ ಕಾಣುವ ಸಾಧ್ಯತೆಯೂ ಕುಗ್ಗುತ್ತದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2014ರಲ್ಲಿ, ಸಕ್ಕರೆ ಕಾಯಿಲೆ ಇತ್ತೀಚೆಗೆ ಬಂದಿರುವ ಸ್ಥೂಲಕಾಯರನ್ನು ಶಸ್ತ್ರಚಿಕಿತ್ಸೆಗೆ ಬೇಗ ಪರಿಶೀಲಿಸಬೇಕು ಎಂದು ಹೇಳಿದ್ದರ ಹಿಂದೆ ಇದೇ ತಿಳಿವಳಿಕೆ ಇದೆ.

ಇನ್ನೊಂದು ಆಕ್ಷೇಪ ಹೆಚ್ಚು ಮನುಷ್ಯಸಹಜವಾದದ್ದು, ಅದನ್ನು ಹೇಳುವವರಲ್ಲಿ ಒಳ್ಳೆಯ ವೈದ್ಯರೂ ಇದ್ದಾರೆ. ಆಪರೇಷನ್ ಆದ ಮೇಲೆ ಬಾಳಿಡೀ ಶಿಸ್ತು ಬೇಕು. ಮೊದಲೇ ಶಿಸ್ತು ತೋರಿಸದವರು ಆಮೇಲೆ ತೋರಿಸುತ್ತಾರೆಯೇ? ಪ್ರಶ್ನೆ ಸರಿ. ಆದರೆ ಆ ಶಿಸ್ತು ಯಾವುದು ಎಂದು ಬಿಡಿಸಿ ನೋಡಬೇಕು. ಜೀವನಪರ್ಯಂತ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ತೆಗೆದುಕೊಳ್ಳುವುದು. ತಟ್ಟೆಯಲ್ಲಿ ಮೊದಲು ಬೇಳೆ, ಮೊಟ್ಟೆ, ಮೊಸರು, ಆಮೇಲೆ ಅನ್ನ ಎಂದು ಅಭ್ಯಾಸ ಮಾಡಿಕೊಳ್ಳುವುದು. ಚೆನ್ನಾಗಿ ಅಗಿದು ನಿಧಾನ ಉಣ್ಣುವುದು. ಪದೇ ಪದೇ ವಾಂತಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸುವುದು, ಏಕೆಂದರೆ ಥಯಾಮಿನ್ ಕೊರತೆಯಾಗಿ ನರಗಳಿಗೆ ಪೆಟ್ಟು ಬೀಳಬಹುದು. ವರ್ಷವರ್ಷ ರಕ್ತ ಪರೀಕ್ಷೆ. ಬೀಡಿ ಸಿಗರೇಟು ಬಿಟ್ಟಿರಲೇಬೇಕು, ಬೈಪಾಸ್ ಆದವರಲ್ಲಿ ಅದು ಜೋಡಣೆಯ ಬಳಿ ಹುಣ್ಣು ತರುತ್ತದೆ. ಮದ್ಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಆಪರೇಷನ್ ನಂತರ ಅದು ರಕ್ತಕ್ಕೆ ಬಹಳ ಬೇಗ ಏರುತ್ತದೆ, ಚಟವಾಗುವ ಅಪಾಯ ಹೆಚ್ಚು. ಇವನ್ನು ರೋಗಿಗೆ ಕಲಿಸಬೇಕು, ಕಲಿತರೇ ಎಂದು ನೋಡಬೇಕು, ಮಾನಸಿಕ ತೊಂದರೆಗಳಿದ್ದರೆ ಮೊದಲು ಆರೈಕೆ ಮಾಡಬೇಕು, ಸಕ್ಕರೆ ಹತೋಟಿಗೆ ತರಬೇಕು. ಈ ಸಿದ್ಧತೆಗೆ ಕೆಲವು ವಾರ ಹಿಡಿದರೆ ಹಿಡಿಯಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಇವುಗಳಲ್ಲಿ ಯಾವುದನ್ನೂ ತಕ್ಕಡಿ ಅಳೆಯುವುದಿಲ್ಲ. ಎಂಟು ಕಿಲೋ ಇಳಿಸಿದ ವ್ಯಕ್ತಿ ವಿಟಮಿನ್ ಮಾತ್ರೆ ಮರೆಯುವವರಾಗಿರಬಹುದು, ಎರಡೇ ಕಿಲೋ ಇಳಿಸಿದವರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುವವರಾಗಿರಬಹುದು. ಮೊದಲು ಇಳಿಸಿದ ತೂಕ ದೀರ್ಘಕಾಲದ ಯಶಸ್ಸನ್ನು ನೆಚ್ಚಬಹುದಾದ ರೀತಿಯಲ್ಲಿ ಮುಂಗಾಣುತ್ತದೆ ಎಂದು ಅಧ್ಯಯನಗಳು ಒಮ್ಮತದಿಂದ ಹೇಳಿಲ್ಲ. ಅಮೆರಿಕದಲ್ಲಿ ಅರ್ಹತೆಯಿರುವ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬರಷ್ಟೇ ಈ ಶಸ್ತ್ರಚಿಕಿತ್ಸೆಗೆ ಬರುತ್ತಾರೆ. ಬಾಗಿಲು ತೀರ ಸಲೀಸಾಗಿ ತೆರೆದುಕೊಂಡಿದೆ, ಕಂಡವರೆಲ್ಲ ನುಗ್ಗುತ್ತಿದ್ದಾರೆ ಎಂಬ ಆತಂಕಕ್ಕೆ ಈ ಅಂಕಿಯಲ್ಲಿ ಆಧಾರ ಕಾಣುವುದಿಲ್ಲ.

ಒಂದು ವಿನಾಯಿತಿಯನ್ನು ಒಪ್ಪಲೇಬೇಕು. ಬಿಎಂಐ 60 ದಾಟಿದವರಲ್ಲಿ, ಉಸಿರಾಟವೇ ಕಷ್ಟವಾದವರಲ್ಲಿ, ಹೃದಯ ದುರ್ಬಲವಾದವರಲ್ಲಿ ಅರಿವಳಿಕೆ ಕೊಡುವುದೇ ದೊಡ್ಡ ಸಾಹಸ. ಅಂಥವರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಕೆಲವೊಮ್ಮೆ ಹೊಟ್ಟೆಯಲ್ಲಿ ಬಲೂನ್ ಇಟ್ಟು, ಔಷಧಿ ಕೊಟ್ಟು, ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ತೂಕ ಇಳಿಸಿ ಆಮೇಲೆ ಕೈಹಾಕುವುದುಂಟು. ಅದು ಆ ಒಬ್ಬ ರೋಗಿಯನ್ನು ನೋಡಿ, ಅವರ ಪಕ್ಕ ನಿಂತು ವೈದ್ಯರು ಮಾಡುವ ತೀರ್ಮಾನ. ಅಲ್ಲಿ ತೂಕ ಇಳಿಯದಿದ್ದರೆ ವೈದ್ಯರು ದಾರಿ ಬದಲಿಸುತ್ತಾರೆ, ಅರ್ಜಿ ತಿರಸ್ಕರಿಸುವುದಿಲ್ಲ. ಹೊಸ ಔಷಧಿಗಳು ಈ ಕೆಲಸವನ್ನು ಹಗುರ ಮಾಡಿವೆ. ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದ 68 ವಾರದಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿದದ್ದು 2021ರಲ್ಲಿ ವರದಿಯಾಯಿತು. ನಮ್ಮ ದೇಶಕ್ಕೆ 2025ರ ಮಾರ್ಚಿನಲ್ಲಿ ಇಂಥದೇ ಇನ್ನೊಂದು ಚುಚ್ಚುಮದ್ದು ಮೌಂಜಾರೊ, ಜೂನಿನಲ್ಲಿ ಸೆಮಾಗ್ಲುಟೈಡ್ ಇರುವ ವೆಗೋವಿ ಬಂದವು. ಬೊಜ್ಜಿನಿಂದ ನರಳುವವರಿಗೆ ಇದು ನಿಜವಾದ ಭರವಸೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದದ್ದನ್ನೂ ಅದೇ ಸಂಶೋಧಕರು ತೋರಿಸಿದ್ದಾರೆ. ಮೊದಲು ವರ್ಷವಿಡೀ ಚುಚ್ಚುಮದ್ದು, ಆಮೇಲೆ ಆಪರೇಷನ್ ಎಂಬ ಹೊಸ ಷರತ್ತು ಹಳೆಯ ಆರು ತಿಂಗಳ ಜಾಗದಲ್ಲಿ ಬಂದು ಕೂರಬಾರದು.

ಈ ಚರ್ಚೆ ನಮಗೆ ದೂರದ್ದಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಯ ಖರ್ಚಿಗೆ ಷರತ್ತುಗಳಿವೆ: ವೈದ್ಯರ ಸಲಹೆ ಇರಬೇಕು, ವೈದ್ಯಕೀಯ ವಿಧಿಯಂತೆ ನಡೆಯಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಹೆಚ್ಚಿದ್ದು, ಶಸ್ತ್ರವಿಲ್ಲದ ವಿಧಾನಗಳು ವಿಫಲವಾಗಿ, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಜೊತೆಗಿರಬೇಕು. ಅಂಕಿಗಳು ಅಮೆರಿಕದ 1991ರವೇ. ಭಾರತೀಯರಿಗೆ ಕಡಿಮೆ ಬಿಎಂಐಯಲ್ಲೇ ಹೊಟ್ಟೆಯ ಕೊಬ್ಬು, ಸಕ್ಕರೆ ಕಾಯಿಲೆ ಬರುವುದರಿಂದ ಏಷ್ಯಾದ ತಜ್ಞರು ಬಹಳ ಹಿಂದೆಯೇ ಗಡಿಯನ್ನು 37.5 ಮತ್ತು 32.5ಕ್ಕೆ ಇಳಿಸಿದ್ದರು, 2022ರಲ್ಲಿ ಅಮೆರಿಕದ ಆ ಶಸ್ತ್ರಚಿಕಿತ್ಸಕರ ಸಂಘವೂ ಇಂಥ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಒಕ್ಕೂಟವೂ ಸೇರಿ, ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಮುಂದಿಡಬೇಕು ಎಂದವು. ಅಂಕಿಗಿಂತ ನನಗೆ ಹೆಚ್ಚು ಕಾಡುವುದು ಆ ವಿಫಲವಾಗಿರಬೇಕು ಎಂಬ ಮಾತು. ಎಷ್ಟು ಕಾಲ, ಯಾವ ದಾಖಲೆಯಿಂದ ಎಂದು ಅಲ್ಲಿ ಹೇಳಿಲ್ಲ. ಅದನ್ನು ಅರ್ಥೈಸುವುದು ಕ್ಲೇಮು ಪರಿಶೀಲಿಸುವವರ ಕೈಯಲ್ಲಿದೆ. ಅಮೆರಿಕದ ಆರು ತಿಂಗಳು ಹುಟ್ಟಿದ್ದು ಇಂಥದೇ ಖಾಲಿ ಜಾಗದಲ್ಲಿ. ನಮ್ಮಲ್ಲಿ ಅದು ಬೇರು ಬಿಡುವ ಮೊದಲೇ ಪ್ರಾಧಿಕಾರ ಮೂರು ಮಾತು ಬರೆದು ಸೇರಿಸಬೇಕು. ರೋಗಿಯ ಹಿಂದಿನ ವರ್ಷಗಳ ವೈದ್ಯರ ಚೀಟಿ, ಔಷಧಿ, ತೂಕದ ದಾಖಲೆಗಳೇ ವಿಫಲತೆಗೆ ಸಾಕ್ಷಿ, ಹೊಸದಾಗಿ ಅವಧಿ ಎಣಿಸುವಂತಿಲ್ಲ. ಅರ್ಜಿ ಹಾಕಿದ ದಿನದ ಬಿಎಂಐಯೇ ಅರ್ಹತೆಗೆ ಆಧಾರ, ಆಮೇಲೆ ಪಥ್ಯದಿಂದ ಇಳಿದದ್ದನ್ನು ರೋಗಿಯ ವಿರುದ್ಧ ಬಳಸುವಂತಿಲ್ಲ. ಆಪರೇಷನ್‌ಗೆ ಮುಂಚಿನ ಪಥ್ಯ ಎಷ್ಟು ದಿನ, ಹೇಗೆ ಎಂಬುದನ್ನು ತೀರ್ಮಾನಿಸುವವರು ಚಿಕಿತ್ಸೆ ಮಾಡುವ ವೈದ್ಯರು.